ಕಾರ್ಟೂನಿಗೆ ಅಶೋಕ ಸ್ತಂಭ ಬೇಡ

ದಾವಣಗೆರೆಯ ನಿಮ್ಮ ಕಾಲೇಜಿನ ಭಿತ್ತಿಪತ್ರಿಕೆಗೆ ದಿಲ್ಲಿ ನಾಯಕರ ಲಂಚದ ಬಗ್ಗೆ ಕಾರ್ಟೂನ್ ಬರೀಬೇಕು, ಅಶೋಕ ಸ್ತಂಭ ಹಾಕಿದರೆ ಕೇಸ್ ಬೀಳುತ್ತಾ ಅಂತ ಕೇಳಿದ್ದೀರಲ್ಲ, ಲಾಂಛನದ ತಂಟೆಗೆ ಹೋಗಬೇಡಿ ಸರ್. ಕಾರ್ಟೂನಿಸ್ಟ್ ಅಸೀಮ್ ತ್ರಿವೇದಿ ಆ ಲಾಂಛನದ ಸಿಂಹಗಳ ಜಾಗದಲ್ಲಿ ತೋಳಗಳನ್ನು ಬರೆದಿದ್ದರು. 2012ರಲ್ಲಿ ಮುಂಬೈನಲ್ಲಿ ಅವರನ್ನು ದೇಶದ್ರೋಹದ ಆರೋಪದ ಮೇಲೆ ಹಿಡಿದು ಒಳಗೆ ಹಾಕಿದರು. ಆ ಆರೋಪವನ್ನು ಆಮೇಲೆ ಕೈಬಿಟ್ಟರು. ಹಿಂಸೆಗೆ ಪ್ರಚೋದಿಸದ ಟೀಕೆ ದೇಶದ್ರೋಹವಲ್ಲ ಎಂದು ಬಾಂಬೆ ಹೈಕೋರ್ಟ್ 2015ರಲ್ಲಿ ಹೇಳಿತು, ಸರಿ. ಆದರೆ ಜೈಲು ಮೊದಲು, ತೀರ್ಪು ಆಮೇಲೆ! ಮಾನನಷ್ಟದ ಕಲಮು ಬೇರೆ ಇದ್ದೇ ಇದೆ. ಹಾಗಾಗಿ ಕೋರ್ಟ್ ಮೆಟ್ಟಿಲೇರಿದ, ದಾಖಲೆ ಇರುವ ಹಗರಣವನ್ನೇ ಆರಿಸಿಕೊಳ್ಳಿ.

ಇನ್ನು ಚಿತ್ರದ ವಿಷಯ. ಸೂಟ್‌ಕೇಸಿನ ಮೇಲೆ ‘ಭ್ರಷ್ಟಾಚಾರ’ ಅಂತ ಬರೆದರೆ ಅದು ಕಾರ್ಟೂನಲ್ಲ, ಬೋರ್ಡು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಕಾರ್ಟೂನುಗಳ ಶ್ರೀಸಾಮಾನ್ಯ ಚೌಕಳಿ ಕೋಟು, ಪಂಚೆಯಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದ, ಅಷ್ಟೇ. ನಿಮ್ಮೂರಲ್ಲಿ ಮಂಡಕ್ಕಿ ಭಟ್ಟಿಯ ಕೆಲಸಗಾರ ಇದ್ದಾನಲ್ಲ! ಹೆಗಲ ಮೇಲೆ ಟವೆಲ್, ಕೈಯಲ್ಲಿ ಪೇಪರ್ ಪೊಟ್ಟಣ. ವೇದಿಕೆ ಮೇಲೆ ನಾಯಕರು ಪ್ರಾಮಾಣಿಕತೆ ಬಗ್ಗೆ ಭಾಷಣ ಬಿಗಿಯುತ್ತಿರಲಿ, ಇವನು ಮಂಡಕ್ಕಿ ಮುಕ್ಕುತ್ತಾ ಪೊಟ್ಟಣದ ಮೇಲಿನ ಹಳೇ ಹಗರಣದ ಸುದ್ದಿ ಓದುತ್ತಿರಲಿ. ಅಡಿಬರಹ ಬೇಕಾಗಲ್ಲ.