ಓದುಗರ ಪ್ರಶ್ನೆ: ಉಪ್ಪುನೀರಿನ ಗಾಳಕ್ಕೆ ಯಾವ ಲೀಡರ್, ಎಷ್ಟು ನಂಬರ್ ಹುಕ್?

ಪ್ರಶ್ನೆ: ಸರ್, ನಾನು ರಾಜಾಜಿನಗರದೋನು, ಇಷ್ಟು ವರ್ಷ ಕೆರೇಲಿ ಕಾಟ್ಲಾ, ಜಿಲೇಬಿ ಹಿಡಿದೇ ಅಭ್ಯಾಸ. ಹೋದ ತಿಂಗಳು ರಜೆ ಹಾಕಿ ನೈಟ್ ಬಸ್ಸಲ್ಲಿ ಉಡುಪಿಗೆ ಹೋಗಿ ಕಾಪು ಬಂಡೆ ಮೇಲಿಂದ ಸೀಗಡಿ ಹಾಕಿ ಕೂತೆ. ಸಮುದ್ರಕ್ಕೆ ದೊಡ್ಡ ಹುಕ್ಕೇ ಬೇಕು ಅಂತ ಅಂಗಡೀಲಿ 5/0 ಕೊಟ್ಟಿದ್ರು, 20 ಪೌಂಡ್ ಬ್ರೇಡ್‌ಗೆ ನೇರವಾಗಿ ಕಟ್ಟಿದ್ದೆ. ಬೈಟ್ ಖಾಲಿ ಆಗ್ತಾ ಇತ್ತು, ಮೀನಿಲ್ಲ, ಐದು ಸಲ ದಾರ ತುಂಡಾಯ್ತು. 80 ಪೌಂಡ್ ಬ್ರೇಡ್ ಹಾಕ್ಲಾ?

ಉತ್ತರ: ಬೇಡ, ದುಡ್ಡು ದಂಡ. ಬ್ರೇಡ್ ಅಂದ್ರೆ ಕೂದಲಿಗಿಂತ ಸಣ್ಣ ಎಳೆಗಳನ್ನ ಹೆಣೆದ ದಾರ, ನೇರವಾಗಿ ಎಳೆದ್ರೆ ಭಾರಿ ಗಟ್ಟಿ, ಆದ್ರೆ ಬಂಡೆಗೆ, ಅಲ್ಲಿ ಅಂಟಿರೋ ಚಿಪ್ಪಿಗೆ ಉಜ್ಜಿದ್ರೆ ಒಂದೊಂದೇ ಎಳೆ ಕಡಿದು ಹೋಗುತ್ತೆ, ಅಲ್ಲಿ ಎಷ್ಟು ಭಾರ ತಡೆಯುತ್ತೆ ಅನ್ನೋ ಪೌಂಡ್ ಲೆಕ್ಕ ಕೆಲಸಕ್ಕೆ ಬರಲ್ಲ. ಅದಕ್ಕೇ ಲೀಡರ್, ಅಂದ್ರೆ ಬ್ರೇಡ್ ತುದಿಗೂ ಹುಕ್ಕಿಗೂ ನಡುವೆ ಉಜ್ಜಾಟ ತಡೆಯೋ ಬೇರೆ ದಾರ, ಹಾಕೋದು. ನಿಮ್ಮ 20 ಪೌಂಡ್ ಬ್ರೇಡೇ ಇರಲಿ, ಅದರ ತುದಿಗೆ 40 ಪೌಂಡ್ ನೈಲಾನ್ ಮೊನೊ (ಒಂದೇ ಎಳೆಯ ದಾರ) ಒಂದು ಮಾರು ಉದ್ದ ಡಬಲ್ ಯೂನಿ ಗಂಟಲ್ಲಿ ಸೇರಿಸಿ, ಅದರ ಕೆಳಗೆ ಒಂದು ಸ್ವಿವೆಲ್ (ತಿರುಗೋ ಲೋಹದ ಕೊಂಡಿ), ಸ್ವಿವೆಲ್‌ನಿಂದ ಹುಕ್ಕಿಗೆ 30 ಪೌಂಡ್ ದಾರ ಒಂದು ಮೊಳ, ಅಷ್ಟು ಸಾಕು. ಹುಕ್ಕಿನ ದಾರ ಇದಕ್ಕಿಂತ ಉದ್ದ ಮಾಡಿದ್ರೆ ಎಸೆಯುವಾಗಲೇ ಸುತ್ತಿಕೊಳ್ಳುತ್ತೆ. ಸೀಸದ ಗುಂಡನ್ನ ಮಾತ್ರ ಬೇರೆ 10 ಪೌಂಡ್ ದಾರದ ತುಂಡಲ್ಲಿ ಸ್ವಿವೆಲ್‌ಗೆ ನೇತುಹಾಕಿ, ಬಂಡೆ ಸಂದೀಲಿ ಸಿಕ್ಕಿಕೊಳ್ಳೋದು ಹೆಚ್ಚಾಗಿ ಗುಂಡೇ, ಆಗ ಆ ತುಂಡು ಮಾತ್ರ ಹರಿದು ಉಳಿದಿದ್ದೆಲ್ಲ ವಾಪಸ್ ಬರುತ್ತೆ.

ಇನ್ನು ಮೇಲೆ ದಾರ ತುಂಡಾದಾಗ ಬೈಕೊಂಡು ಹೊಸದು ಕಟ್ಟೋ ಮುಂಚೆ ಲೀಡರ್ ತುದೀನ ಬೆಳಕಿಗೆ ಹಿಡಿದು ನೋಡಿ, ಏನಾಯ್ತು ಅಂತ ಅದರಲ್ಲೇ ಗೊತ್ತಾಗುತ್ತೆ. ಬ್ಲೇಡಲ್ಲಿ ಕುಯ್ದ ಹಾಗೆ ನೀಟಾಗಿದ್ರೆ ಹಲ್ಲಿನ ಮೀನು. ತುದಿಯಿಂದ ಒಂದು ಗೇಣು ತನಕ ಒರಟೊರಟಾಗಿ ಬೆಳ್ಳಗಾಗಿದ್ರೆ ಬಂಡೆ. ತುದಿ ಗುಂಗುರು ಕೂದಲ ತರ ಸುರುಳಿ ಸುತ್ತಿದ್ರೆ ಗಂಟೇ ಜಾರಿದೆ ಅಂತ, ಬಿಗಿಯೋಕೆ ಮುಂಚೆ ಗಂಟನ್ನ ಎಂಜಲಲ್ಲಿ ಒದ್ದೆ ಮಾಡಿಲ್ಲ ಅಂದ್ರೆ ಆ ಬಿಸಿಗೇ ನೈಲಾನ್ ವೀಕ್ ಆಗುತ್ತೆ. ನಾನೇ ಒಂದ್ಸಲ ಅಲ್ಲೇ ಕಾಪುವಲ್ಲಿ ಒಳ್ಳೆ ಕೆಂಬೇರಿ ಹಿಡಿದ ಮೇಲೆ ಲೀಡರ್ ಬೆರಳಿಗೆ ಒರಟು ತಾಗಿದ್ರೂ ಕತ್ತರಿಸದೆ ಹಾಗೇ ಎಸೆದೆ, ಮುಂದಿನ ಮೀನು ಅದಕ್ಕಿಂತ ದೊಡ್ಡದು, ಕಾಲ ಬುಡಕ್ಕೆ ಬಂದು ಅಲ್ಲೇ ಹರಿದುಕೊಂಡು ಹೋಯ್ತು, ಬಾಯಲ್ಲಿ ನನ್ನ ಹುಕ್ ಕಚ್ಚಿಕೊಂಡೇ. ಆ ಮೀನಿನ ಬಗ್ಗೆ ಇವತ್ತಿಗೂ ಸಂಕಟ ಆಗುತ್ತೆ. ಪ್ರತಿ ಮೀನಿನ ನಂತರ ಎರಡು ಬೆರಳಲ್ಲಿ ದಾರ ಸವರಿ, ಒರಟು ಸಿಕ್ಕಿದಲ್ಲಿಂದ ಕತ್ತರಿಸಿ ಮತ್ತೆ ಕಟ್ಟಿ.

ಈಗ ಹುಕ್. ಸಮುದ್ರ ದೊಡ್ಡದು ಅಂತ ಹುಕ್ ದೊಡ್ಡದು ಬೇಕಿಲ್ಲ, ಬೈಟ್ ಎಷ್ಟು ದೊಡ್ಡದೋ ಅದಕ್ಕೆ ತಕ್ಕ ಹುಕ್. ನಂಬರ್ ಗೊಂದಲ ತುಂಬಾ ಜನಕ್ಕಿದೆ: 8, 6, 4, 2, 1 ಅಂತ ನಂಬರ್ ಇಳಿದಂಗೆ ಹುಕ್ ದೊಡ್ಡದಾಗುತ್ತೆ, ಅಲ್ಲಿಂದ ಮುಂದೆ 1/0, 2/0, 3/0 ಅಂತ ನಂಬರ್ ಏರಿದಂಗೆ ದೊಡ್ಡದಾಗುತ್ತೆ. ಕಂಪನಿಯಿಂದ ಕಂಪನಿಗೆ ಅಳತೆ ಬೇರೆ ಇರೋದ್ರಿಂದ ಪ್ಯಾಕೆಟ್ ನಂಬರ್ ನಂಬದೆ ಕಣ್ಣಲ್ಲಿ ನೋಡಿ ತಗೊಳ್ಳಿ. ಬೆರಳುದ್ದದ ಸೀಗಡಿಗೆ 1 ಅಥವಾ 1/0 ಸಾಕು. ನೀವು ಹಾಕಿದ 5/0 ಕಬ್ಬಿಣವನ್ನ ಬಾಯಿಗೇ ತಗೊಳ್ಳದೆ ಸಣ್ಣ ಮೀನುಗಳು ಸುತ್ತಲಿನ ಸೀಗಡಿ ಕಿತ್ತು ತಿಂದಿವೆ. ಕಾಣೆ ಮೀನಿಗೆ ಕೂತರಂತೂ ಅದರ ಬಾಯಿ ಪುಟ್ಟದು, 6 ಅಥವಾ 8 ನಂಬರಿನ ಉದ್ದ ಕಡ್ಡಿ ಹುಕ್ಕು, 10 ಪೌಂಡ್ ದಾರ. ಹುಕ್ಕಿನ ಮೊನೆ ಬೈಟ್ ಒಳಗೆ ಹೂತು ಹೋಗಬಾರದು, ಹೊರಗೆ ಕಾಣಲಿ.

ಪ್ರಶ್ನೆ: ಫ್ಲೋರೋಕಾರ್ಬನ್ ಲೀಡರ್ ದಾರ ನೀರಲ್ಲಿ ಕಾಣೋದೇ ಇಲ್ಲ ಅಂತಾರೆ, ಅಷ್ಟು ದುಡ್ಡು ಕೊಡಬಹುದಾ? (ಜಯನಗರದಿಂದ ಒಬ್ಬರು)

ಉತ್ತರ: ಕಾಣೋದೇ ಇಲ್ಲ ಅನ್ನೋದು ಜಾಸ್ತಿ ಆಯ್ತು, ಕಮ್ಮಿ ಕಾಣುತ್ತೆ. ಬೆಳಕು ಬಾಗೋ ಲೆಕ್ಕ ನೀರಿಗೆ 1.33, ಫ್ಲೋರೋಗೆ ಸುಮಾರು 1.42, ನೈಲಾನಿಗೆ 1.5ಕ್ಕಿಂತ ಮೇಲೆ, ಅಂದ್ರೆ ಫ್ಲೋರೋ ನೀರಿಗೆ ಹತ್ತಿರ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಬಂಡೆ ಮೇಲಿಂದ ಆಡೋರಿಗೆ ಅದು ಪ್ರಯೋಜನ. ಅಳಿವೆಯ ಕದಡಿದ ಕೆಂಪು ನೀರಲ್ಲಿ ಸಾದಾ ಮೊನೊ ಧಾರಾಳ ಸಾಕು, ಉಳಿದ ದುಡ್ಡಲ್ಲಿ ಒಳ್ಳೆ ಹುಕ್ ತಗೊಳ್ಳಿ.

ಪ್ರಶ್ನೆ: ಸರ್ಕಲ್ ಹುಕ್ ಹಾಕಿದಾಗಿಂದ ರಾಡ್ ಬಾಗುತ್ತೆ, ಜೋರಾಗಿ ಎಳೀತೀನಿ, ಬರೀ ಹುಕ್ ವಾಪಸ್ ಬರುತ್ತೆ. ಏನ್ ತಪ್ಪು? (ಮಲ್ಲೇಶ್ವರದಿಂದ)

ಉತ್ತರ: ಆ ಜೋರಾಗಿ ಎಳೆಯೋದೇ ತಪ್ಪು. ಸರ್ಕಲ್ ಹುಕ್ಕಿನ ಮೊನೆ ಒಳಗಡೆಗೆ, ಕಡ್ಡಿ ಕಡೆಗೆ ತಿರುಗಿರುತ್ತೆ, ಪೆಸಿಫಿಕ್ ದ್ವೀಪಗಳ ಬೆಸ್ತರು ಹಿಂದೆಯೇ ಮೂಳೆ, ಚಿಪ್ಪಲ್ಲಿ ಈ ಆಕಾರ ಮಾಡ್ತಿದ್ರು. ಮೀನು ಬೈಟ್ ನುಂಗಿ ತಿರುಗಿ ಹೊರಟಾಗ ಹುಕ್ ಜಾರ್ತಾ ಬಂದು ಬಾಯಿ ಮೂಲೇಲಿ ತಾನೇ ಸುತ್ತಿಕೊಂಡು ಕಚ್ಚುತ್ತೆ. ನೀವು ಝಾಡಿಸಿದ್ರೆ ಅದಕ್ಕೆ ತಿರುಗೋ ಟೈಮೇ ಸಿಗಲ್ಲ. ರಾಡ್ ಪೂರ್ತಿ ಬಾಗೋ ತನಕ ಕೈ ಕಟ್ಟಿ ಕೂತು ಆಮೇಲೆ ಮೆತ್ತಗೆ ರೀಲ್ ಸುತ್ತಿ ಅಷ್ಟೇ. ಝಾಡಿಸೋದು ಜೆ ಹುಕ್ಕಿಗೆ, ಅಂದ್ರೆ ಇಂಗ್ಲಿಷ್ J ಆಕಾರದ ಸಾದಾ ಹುಕ್ಕಿಗೆ. ಹಿಡಿದು ಬಿಡೋರು ಸರ್ಕಲ್ಲೇ ಹಾಕಿ ಅಂತ ನನ್ನ ಕಳಕಳಿಯ ವಿನಂತಿ, ಜೆ ಹುಕ್ ಹೊಟ್ಟೆಗೆ ಇಳಿದ್ರೆ ನೀವು ಬಿಟ್ಟ ಮೀನು ಬದುಕೋದು ಕಷ್ಟ.

ಪ್ರಶ್ನೆ: ಅಂಜಲ್ ಮೀನಿಗೆ ಹುಕ್ಕಿನ ಮೇಲೆ ದಾರದ ಬದಲು ಲೋಹದ ವೈರ್ ಬೇಕೇ ಬೇಕಾ?

ಉತ್ತರ: ಬೇಕು, ಅದರ ಹಲ್ಲು ಕತ್ತರಿ ಇದ್ದ ಹಾಗೆ. ಆದ್ರೆ ಒಂದು ಗೇಣಿಗಿಂತ ಉದ್ದ ಬೇಡ, ವೈರ್ ಜಾಸ್ತಿ ಕಂಡ್ರೆ ಬೇರೆ ಮೀನು ಹತ್ರ ಬರಲ್ಲ. ಬಂಗುಡೆ ತುಂಡಿಗೆ 4/0. ಒಮ್ಮೆ ಮಡಚಿಕೊಂಡ ವೈರನ್ನ ನೇರ ಮಾಡಿ ಮತ್ತೆ ಹಾಕಬೇಡಿ, ಮುರಿಯೋದು ಅಲ್ಲೇ.

ಪ್ರಶ್ನೆ: ಬೆಂಗಳೂರಿಂದಲೇ ಬೈಟಿಗೆ ಬೂತಾಯಿ ಮೀನು ಐಸಲ್ಲಿಟ್ಟು ತಗೊಂಡು ಹೋದ್ರೆ ಹುಕ್ಕಲ್ಲಿ ನಿಲ್ತಾನೇ ಇಲ್ಲ ಸರ್.

ಉತ್ತರ: ಐಸ್ ಕರಗಿ ಮೆತ್ತಗಾಗಿರುತ್ತೆ. ಹಿಂದಿನ ರಾತ್ರಿ ಕಲ್ಲುಪ್ಪು ಸವರಿಟ್ರೆ ನೀರು ಬಿಟ್ಟು ಗಟ್ಟಿಯಾಗುತ್ತೆ. ಚಿಕ್ಕಪೇಟೆಯ ಟೈಲರಿಂಗ್ ಸಾಮಾನಿನ ಅಂಗಡೀಲಿ ಸಿಗೋ ಸಣ್ಣ ಎಲಾಸ್ಟಿಕ್ ದಾರದಲ್ಲಿ ಹುಕ್ಕಿನ ಸಮೇತ ನಾಲ್ಕು ಸುತ್ತು ಸುತ್ತಿ, ಮೊನೆ ಮಾತ್ರ ಬಿಟ್ಟು. ವಾಪಸ್ ಬಂದ ತಕ್ಷಣ ಬಳಸಿದ ಹುಕ್ಕುಗಳನ್ನ ಸಿಹಿನೀರಲ್ಲಿ ತೊಳೆದು ಒಣಗಿಸಿ, ಉಪ್ಪು ಹತ್ತಿದ ಒಂದೇ ಒಂದು ಹುಕ್ ಡಬ್ಬಿಗೆ ಬಿದ್ರೂ ಪಕ್ಕದಲ್ಲಿರೋವೂ ತುಕ್ಕು ಹಿಡಿಯುತ್ತೆ.