ಓದುಗರ ಪ್ರಶ್ನೆ: ಆಮ್ಲ ಹಚ್ಚಿ ನೋಡುವ ಪರೀಕ್ಷೆ ನಂಬಲರ್ಹವೇ?

ಪ್ರಶ್ನೆ: ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ 52 ವರ್ಷದ ನನ್ನ ಅತ್ತೆಯವರಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಿದ ನರ್ಸ್, ಆಮ್ಲ ಹಚ್ಚಿ ನೋಡಿ ‘ಏನೂ ಇಲ್ಲ’ ಎಂದು ಕಳುಹಿಸಿದರು. ಖಾಸಗಿ ಆಸ್ಪತ್ರೆಗಳಲ್ಲಿ ಪ್ಯಾಪ್ ಸ್ಮಿಯರ್ ಮಾಡುತ್ತಾರೆ. ಬಡವರಿಗೆ ಇಷ್ಟೇ ಸಾಕೆಂದು ಸರ್ಕಾರ ತೀರ್ಮಾನಿಸಿದೆಯೇ? ಇಂಥ ನೀತಿಗೆ ಆಧಾರವೇನು?
– ಓದುಗರೊಬ್ಬರು, ಯಶವಂತಪುರ, ಬೆಂಗಳೂರು

ಉತ್ತರ: ಖರ್ಚು ಕಡಿಮೆಯೆಂಬುದು ನಿಜ, ಆದರೆ ಆಧಾರ ಅದೊಂದೇ ಅಲ್ಲ. ಗರ್ಭಕಂಠದ ಜೀವಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಸ್ಮಿಯರ್‌ಗೆ ಪ್ರಯೋಗಾಲಯ, ನುರಿತ ತಜ್ಞರು, ವರದಿ ಬಂದ ಮೇಲೆ ಮಹಿಳೆಯನ್ನು ಮತ್ತೆ ಕರೆಸುವ ವ್ಯವಸ್ಥೆ ಇವೆಲ್ಲವೂ ಬೇಕು. ಆಮ್ಲದ ಪರೀಕ್ಷೆಯಲ್ಲಿ ಶೇ 3ರಿಂದ 5ರಷ್ಟು ಸಾಂದ್ರತೆಯ ಅಸಿಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಹಚ್ಚಿ, ಒಂದು ನಿಮಿಷ ಕಾದು, ಒಳ್ಳೆಯ ಬೆಳಕಿನಲ್ಲಿ ನೋಡಿದರೆ ಅಸಹಜ ಜೀವಕೋಶಗಳಿರುವ ಜಾಗ ಬೆಳ್ಳಗೆ ಕಾಣುತ್ತದೆ. ಉತ್ತರ ಅಲ್ಲಿಯೇ ಸಿಗುತ್ತದೆ.

ಇದರಿಂದ ಸಾವು ತಗ್ಗುತ್ತದೆಯೇ ಎಂಬುದನ್ನು ನಮ್ಮ ದೇಶದಲ್ಲಿಯೇ ಪರೀಕ್ಷಿಸಲಾಗಿದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರಿದ್ದರು. ಒಂದು ಗುಂಪನ್ನು ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಬಾರಿ ಪರೀಕ್ಷಿಸಿದರು; ಇನ್ನೊಂದು ಗುಂಪಿಗೆ ರೋಗದ ಬಗ್ಗೆ ತಿಳಿವಳಿಕೆಯನ್ನಷ್ಟೇ ನೀಡಲಾಯಿತು. ಮೊದಲ ಗುಂಪಿನಲ್ಲಿ ಈ ಕ್ಯಾನ್ಸರ್‌ನ ಸಾವುಗಳು ಶೇ 31ರಷ್ಟು ಕಡಿಮೆಯಾದವು. ಎರಡನೆಯ ಗುಂಪಿನವರನ್ನು ತಪಾಸಣೆಯಿಲ್ಲದೆ ಬಿಟ್ಟದ್ದು ಸರಿಯೇ ಎಂದು ಹಲವರು ಆಕ್ಷೇಪಿಸಿದರು. ಆ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಮಹಿಳೆಯರಿಂದ ಕಲಿತದ್ದನ್ನು ಜಾರಿಗೆ ತರುವುದು ಸರ್ಕಾರದ ಮೇಲಿರುವ ಋಣ.

ತಮಿಳುನಾಡಿನ ದಿಂಡಿಗಲ್‌ನಲ್ಲಿ ಒಂದೇ ಬಾರಿ ಮಾಡಿದ ಆಮ್ಲದ ಪರೀಕ್ಷೆಯೂ ಸಾವುಗಳನ್ನು ಶೇ 35ರಷ್ಟು ತಗ್ಗಿಸಿತ್ತು. ಮಹಾರಾಷ್ಟ್ರದ ಉಸ್ಮಾನಾಬಾದ್‌ನಲ್ಲಿ ಮಾತ್ರ, 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅದೇ ಪರೀಕ್ಷೆಯಿಂದ ಸಾವು ಸ್ಪಷ್ಟವಾಗಿ ಇಳಿಯಲಿಲ್ಲ. ಅಲ್ಲಿ ಒಂದೇ ಬಾರಿ ಮಾಡಿದ ಎಚ್‌ಪಿವಿ ಪರೀಕ್ಷೆ (ಈ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್ ಇದೆಯೇ ಎಂದು ನೋಡುವ ಪರೀಕ್ಷೆ) ಸಾವನ್ನು ಸುಮಾರು ಅರ್ಧಕ್ಕಿಳಿಸಿತು. ಬರಿಗಣ್ಣಿನ ಪರೀಕ್ಷೆ ನೋಡುವವರ ತರಬೇತಿಯನ್ನೇ ಅವಲಂಬಿಸಿರುವುದರಿಂದ ಇಂಥ ವ್ಯತ್ಯಾಸ ಅನಿರೀಕ್ಷಿತವಲ್ಲ.

ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯು 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನು ಸೂಚಿಸುತ್ತದೆ. ಆಯ್ಕೆಯಲ್ಲಿ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಆ ಪ್ರಯೋಗಗಳಲ್ಲಿ ಆಮ್ಲದ ಜೊತೆಗೆ ಕಾರ್ಯಕರ್ತೆಯರಿಗೆ ನಿರಂತರ ತರಬೇತಿಯಿತ್ತು, ಮನೆಮನೆಗೆ ಹೋಗಿ ಕರೆತರುವವರಿದ್ದರು, ದೋಷ ಕಂಡವರಿಗೆ ಚಿಕಿತ್ಸೆ ಸಿದ್ಧವಿತ್ತು. ಇವನ್ನೆಲ್ಲ ಬಿಟ್ಟು ಪರೀಕ್ಷೆಯನ್ನಷ್ಟೇ ನೀತಿಗೆ ತಂದರೆ ಶೇ 31ರ ಫಲಿತಾಂಶವನ್ನು ನಿರೀಕ್ಷಿಸಲಾಗದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ಮಹಿಳೆಯರ ಪೈಕಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಒಳಗಾದವರು ಶೇ 1.9 ಮಾತ್ರ.

ಇನ್ನು ನಿಮ್ಮ ಅತ್ತೆಯವರ ವಿಷಯ. ಮುಟ್ಟು ನಿಂತವರಲ್ಲಿ, ಪರೀಕ್ಷಿಸಬೇಕಾದ ಭಾಗ ಗರ್ಭಕಂಠದ ಒಳಗೆ ಸರಿದಿರುವುದು ಸಾಮಾನ್ಯ. ಆ ಭಾಗ ಪೂರ್ತಿಯಾಗಿ ಕಂಡಿತ್ತೇ ಎಂದು ನರ್ಸ್ ಅವರನ್ನು ಕೇಳಿ. ಕಂಡಿರದಿದ್ದರೆ ಎಚ್‌ಪಿವಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡಿದ್ದರೆ, ತಪಾಸಣೆಯ ಫಲಿತಾಂಶ ಏನೇ ಇರಲಿ, ಸ್ತ್ರೀರೋಗ ತಜ್ಞರನ್ನು ತಡಮಾಡದೆ ಕಾಣಬೇಕು.

ಪ್ರಶ್ನೆ: ನಾನು ತಂಬಾಕು, ಮದ್ಯ ಎರಡನ್ನೂ ಮುಟ್ಟಿದವನಲ್ಲ. ಕ್ಯಾನ್ಸರ್ ತಪಾಸಣಾ ಶಿಬಿರದಲ್ಲಿ ನನ್ನ ಬಾಯಿಯನ್ನೂ ಪರೀಕ್ಷಿಸಿದರು. ಇದು ಅಗತ್ಯವೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಹಾನಿಯೇನಿಲ್ಲ. ಆದರೆ ಬಾಯಿಯನ್ನು ಕಣ್ಣಿನಿಂದ ನೋಡಿ ಪರೀಕ್ಷಿಸಿದ ತಿರುವನಂತಪುರದ ಪ್ರಯೋಗದಲ್ಲಿ (2005ರಲ್ಲಿ ಪ್ರಕಟ) ಬಾಯಿ ಕ್ಯಾನ್ಸರ್ ಸಾವುಗಳು ಖಚಿತವಾಗಿ ಇಳಿದದ್ದು ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ, ಶೇ 34ರಷ್ಟು. ಸಮಯವೂ ಸಿಬ್ಬಂದಿಯೂ ಕಡಿಮೆಯಿರುವ ಶಿಬಿರದಲ್ಲಿ ಮೊದಲ ಸರದಿ ಅವರದಾಗಬೇಕು.