ಎರಡನೇ ಮಹಾಯುದ್ಧದಲ್ಲಿ ಎಸ್‌ಎಎಸ್ ಸೈನಿಕರು ಇಟಲಿಯ ಪಾರ್ಟಿಸಾನರ ಜೊತೆ ಸೇರಿ ಹೇಗೆ ಹೋರಾಡಿದರು?

ಇದಕ್ಕೆ ಮೇಜರ್ ರಾಯ್ ಫ್ಯಾರನ್ ಅವರ 'ಆಪರೇಷನ್ ಟೊಂಬೋಲಾ' ಒಳ್ಳೆಯ ಉದಾಹರಣೆ. ಬ್ರಿಟನ್ನಿನ ವಿಶೇಷ ಪಡೆಯಾದ ಎಸ್‌ಎಎಸ್‌ನ ಸುಮಾರು 50 ಜನ 1945ರ ಮಾರ್ಚ್‌ನಲ್ಲಿ ಉತ್ತರ ಇಟಲಿಯ ಅಪೆನೈನ್ ಬೆಟ್ಟಗಳಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಇಳಿದರು. ಫ್ಯಾರನ್‌ಗೆ ಜಿಗಿಯಲು ಅನುಮತಿಯೇ ಇರಲಿಲ್ಲ. ವಿಮಾನದಿಂದ ಆಕಸ್ಮಿಕವಾಗಿ ಬಿದ್ದೆ ಎಂಬ ನೆಪ ಹೇಳಿ ಅವರೂ ಜಿಗಿದುಬಿಟ್ಟರು!

ಪಾರ್ಟಿಸಾನರು ಅಂದರೆ ಜರ್ಮನ್ನರ ವಿರುದ್ಧ ಬಂದೂಕು ಹಿಡಿದ ಊರಿನ ಜನ. ದಾರಿ, ಅಡಗುತಾಣ, ಶತ್ರುವಿನ ಸುದ್ದಿ ಎಲ್ಲ ಅವರಿಗೇ ಗೊತ್ತು. ಸೆರೆಯಿಂದ ತಪ್ಪಿಸಿಕೊಂಡ ರಷ್ಯನ್ ಸೈನಿಕರೂ ಜೊತೆಗಿದ್ದರು. ಶಸ್ತ್ರ, ತರಬೇತಿ ಎಸ್‌ಎಎಸ್‌ನದು.

ಮಾರ್ಚ್ 27ರ ನಸುಕಿನಲ್ಲಿ ಅಲ್ಬಿನೇಯಾ ಎಂಬ ಊರಿನಲ್ಲಿದ್ದ ಜರ್ಮನ್ ಸೇನಾ ಕೇಂದ್ರದ ಮೇಲೆ ದಾಳಿ ನಡೆಯಿತು. ವಿಲ್ಲಾ ರೊಸ್ಸಿ, ವಿಲ್ಲಾ ಕಾಲ್ವಿ ಎಂಬ ಎರಡು ಬಂಗಲೆಗಳೇ ಗುರಿ. ದಾಳಿ ಮುಂದೂಡಿ ಎಂದು ಮೇಲಿಂದ ಆದೇಶ ಬಂದಿತ್ತು, ಫ್ಯಾರನ್ ನಿಲ್ಲಿಸಲಿಲ್ಲ. ಇದು ಸರಿಯೋ ತಪ್ಪೋ ಎಂದು ಹೇಳುವುದು ಸುಲಭವಲ್ಲ, ಯಾಕೆಂದರೆ ವಿಲ್ಲಾ ರೊಸ್ಸಿಯ ಒಳಗೆ ಮೂವರು ಬ್ರಿಟಿಷ್ ಸೈನಿಕರು ಸತ್ತರು.

ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ಬ್ಯಾಗ್‌ಪೈಪ್, ಅಂದರೆ ಸ್ಕಾಟ್ಲೆಂಡಿನವರು ನುಡಿಸುವ ಚೀಲದ ಊದುವಾದ್ಯ. ಗುಂಡಿನ ಸದ್ದಿನ ನಡುವೆ ಕಿರ್ಕ್‌ಪ್ಯಾಟ್ರಿಕ್ ಎಂಬ ಸೈನಿಕ ಅದನ್ನು ನುಡಿಸಿದರು. ಸುಮ್ನೆ ಹುಮ್ಮಸ್ಸಿಗಲ್ಲ. ಇದು ಬ್ರಿಟಿಷರ ದಾಳಿ ಎಂದು ಜರ್ಮನ್ನರಿಗೆ ಗೊತ್ತಾಗಲಿ, ಸೇಡು ಊರಿನವರ ಮೇಲೆ ಬೀಳದಿರಲಿ ಅಂತ. ಕೆಲವೇ ತಿಂಗಳ ಹಿಂದೆ, 1944ರಲ್ಲಿ, ಇದೇ ಬೆಟ್ಟಸಾಲಿನ ಮಾರ್ಜಾಬೊಟ್ಟೊದಲ್ಲಿ ಜರ್ಮನ್ನರು ನೂರಾರು ಜನಸಾಮಾನ್ಯರನ್ನು ಕೊಂದಿದ್ದರು. ಅಲ್ಬಿನೇಯಾದಲ್ಲಿ ಹಾಗಾಗಲಿಲ್ಲ.